ಬ್ರಸೆಲ್ಸಲ್ಲಿ ಅಮ್ಮನ ಜೊತೆ ಕೊಶಿ ಮನೆ ನೋಡಿದ್ದು

ಬ್ರಸೆಲ್ಸಿಗೆ ಹೋದೋರೆಲ್ಲ ಊರಿನ ನಡುವಿನ ದೊಡ್ಡ ಚೌಕ ಗ್ರಾಂಡ್ ಪ್ಲಾಸ್ ನೋಡ್ತಾರೆ, ಚಾಕಲೇಟ್ ತಗೋತಾರೆ, ನಾವೂ ಮೊದಲನೇ ದಿನ ಅದನ್ನೇ ಮಾಡಿದ್ವಿ. ಮಾರನೇ ದಿನ ಅಮ್ಮನ್ನ ಕರ್ಕೊಂಡು ಮೆಟ್ರೋ ಹತ್ತಿ ಮೆರೋಡ್ ಸ್ಟೇಷನ್ನಲ್ಲಿ ಇಳಿದೆ. ಅಲ್ಲೇ ಸೆಂಕಾಂತನೇರ್ ಪಾರ್ಕಿನ ಆ ಭಾರೀ ಮೂರು ಕಮಾನು, ಅದು ಮುಗಿದಿದ್ದು 1905ರಲ್ಲಿ, ನಾವು ನೋಡೋಕೆ ಹೊರಟಿದ್ದ ಕಲಾವಿದ ಪೋಲ್ ಕೊಶಿ ಮನೆ ಕಟ್ಟಿದ್ದೂ ಅದೇ ವರ್ಷ. ಒಂದು ರಾಜನದ್ದು, ಇನ್ನೊಂದು ಗಂಡ ಹೆಂಡ್ತಿ ತಮಗೋಸ್ಕರ ಕಟ್ಕೊಂಡಿದ್ದು. ನನ್ನ ಮನಸ್ಸಲ್ಲಿ ಉಳಿದಿದ್ದು ಎರಡನೇದೇ.

ರ್ಯೂ ದೆ ಫ್ರಾಂ, ನಂಬರ್ 5. ಸಣ್ಣ ಅಗಲದ ಮನೆ, ಆದ್ರೆ ಮುಂದಿನ ಗೋಡೆ ಪೂರ್ತಿ ಚಿತ್ರ. ಉದ್ದ ನಿಲುವಂಗಿ ತೊಟ್ಟ ಹೆಂಗಸರು ಸಾಲಾಗಿ ನಿಂತಿದಾರೆ, ಒಬ್ಬೊಬ್ರೂ ಒಂದೊಂದು ಕಲೆ ಅಂತೆ, ಮೇಲೊಂದು ದುಂಡು ಕಿಟಕಿ, ಫ್ರೆಂಚಲ್ಲಿ 'ಪಾರ್ ನೂ, ಪೂರ್ ನೂ' ಅಂತ ಬರೆದಿದೆ. ನಮ್ಮಿಂದ, ನಮಗಾಗಿ.

ಪೋಲ್ ಕೊಶಿ ಹುಟ್ಟಿದ್ದು 1875ರಲ್ಲಿ, ಆತ್ ಅನ್ನೋ ಊರಲ್ಲಿ. ಹೆಂಡ್ತಿ ಲಿನಾ ವೂಟ್ ಕೂಡ ಪೇಂಟರ್. ಕೊಶಿ ಅವರ ಕಸುಬು ಸ್ಗ್ರಾಫಿತೊ, ಅಂದ್ರೆ ಗಾರೆ ಕೆರೆದು ಚಿತ್ರ ಬಿಡಿಸೋದು. ಮೊದಲು ಗೋಡೆಗೆ ಕಪ್ಪು ಗಾರೆ ಹಚ್ತಾರೆ, ಅದರ ಮೇಲೆ ತೆಳ್ಳಗೆ ಬಿಳೀ ಗಾರೆ, ಅದು ಹಸಿ ಇರೋವಾಗ್ಲೇ ಗೆರೆ ಗೆರೆಯಾಗಿ ಕೆರೆದು ಕೆಳಗಿನ ಕಪ್ಪು ಕಾಣೋ ಹಾಗೆ ಮಾಡ್ತಾರೆ, ಆಮೇಲೆ ಬಣ್ಣ. ಗಾರೆ ಒಣಗೋಷ್ಟರಲ್ಲಿ ಕೆಲಸ ಮುಗೀಬೇಕು, ತಪ್ಪಾದ್ರೆ ಆ ಭಾಗ ಕಿತ್ತು ಮತ್ತೆ ಶುರು. ಚಿತ್ರ ಗೋಡೆಗೆ ಇಳಿಸೋಕೆ ಪೇಪರ್ ಮೇಲೆ ಗೆರೆ ಉದ್ದಕ್ಕೂ ಸೂಜೀಲಿ ತೂತು ಮಾಡಿ ಪುಡಿ ತಟ್ತಾರೆ ಅಂತ ಹೇಳ್ತಿದ್ದ ಹಾಗೇ ಅಮ್ಮ "ಅಯ್ಯೋ, ನಾವು ಬ್ಲೌಸಿಗೆ ಡಿಸೈನ್ ಹಾಕ್ತಿದ್ದಿದ್ದೂ ಹೀಗೇ ಕಣೋ, ಪೇಪರ್ ತೂತು ಮಾಡಿ ಸೀಮೆಎಣ್ಣೇಲಿ ಪೌಡರ್ ಕಲಸಿ ಒರೆಸ್ತಿದ್ವಲ್ಲ" ಅಂದ್ರು. ಅಲ್ಲಿಂದ ಮುಂದೆ ಅವ್ರು ಚಿತ್ರ ನೋಡಿದ ರೀತೀನೇ ಬೇರೆ, ಮಡಿಕೆ ಮಡಿಕೆ ಹುಡುಕಿ ಸೀರೆ ನೆರಿಗೆ ನೋಡೋ ಹಾಗೆ ನೋಡಿದ್ರು. ಹತ್ತಿರ ಹೋದ್ರೆ ಗೆರೆ ಒಳಗೆ ತಗ್ಗಿರೋದು ಗೊತ್ತಾಗುತ್ತೆ, ಬೆಳಕು ಓರೆಯಾಗಿ ಬಿದ್ದಾಗ ಅಂಚಲ್ಲಿ ಸಣ್ಣ ನೆರಳು ಕೂತಿರುತ್ತೆ, ಫೋಟೋದಲ್ಲಿ ಅದು ಬರಲ್ಲ.

ಕೊಶಿ 1952ರಲ್ಲಿ ತೀರ್ಕೊಂಡ್ರು, ಲಿನಾ 1969ರಲ್ಲಿ. ಆಮೇಲೆ ಈ ಮನೇನ ಕೆಡವೋ ಮಾತು ಬಂದಿತ್ತು ಅಂದ್ರೆ ನಂಬೋಕಾಗಲ್ಲ! 1975ರಲ್ಲಿ ಸಂರಕ್ಷಿತ ಕಟ್ಟಡ ಅಂತಾಯ್ತು, ಮುಂದೆ ಗೀ ದೆಸಿಸಿ ದಂಪತಿ ಕೊಂಡು ರಿಪೇರಿ ಮಾಡಿಸಿ ಉಳಿಸಿದ್ರು. ಅವ್ರಿಗೆ ಕೈ ಮುಗೀಬೇಕು ಅನ್ಸುತ್ತೆ. ಒಳಗೆ ಬಿಡೋದು ಕೆಲವೇ ದಿನ, ಮೊದಲೇ ನೋಡ್ಕೊಂಡು ಹೋಗಿ, ನಾವು ಹೊರಗಿಂದ್ಲೇ ನೋಡ್ಬೇಕಾಯ್ತು.

ಗೋಡೆ ಮೇಲೇ ಅವರ ಜಾಹೀರಾತೂ ಇದೆ, ಗಂಡ ಹೆಂಡ್ತಿ ಇಬ್ರ ಹೆಸರಲ್ಲಿ, ಡ್ರಾಯಿಂಗ್, ಪೇಂಟಿಂಗ್, ಕಸೂತಿ ಕ್ಲಾಸ್ ಹೇಳ್ಕೊಡ್ತೀವಿ ಅಂತ. ಕಸೂತಿ ಅನ್ನೋ ಪದ ಯಾವ್ದು ಅಂತ ಅಮ್ಮ ಕೇಳಿದ್ರು, ತೋರಿಸಿದೆ. ಮೊಬೈಲ್ ತೆಗೆದು ಅದೊಂದನ್ನೇ ಜೂಮ್ ಮಾಡಿ ಫೋಟೋ ತಗೊಂಡ್ರು.