ಟೆಸ್ಟ್ ಫೇಲ್, ಟಿಕ್ ಮಾತ್ರ ಹಸಿರು

ಈ ವಾರ ರಿವ್ಯೂಗೆ ಬಂದ ಒಂದು ಪುಲ್ ರಿಕ್ವೆಸ್ಟ್ (ಹೊಸ ಕೋಡನ್ನು ಮುಖ್ಯ ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತಲೆಯಿಂದ ಹೋಗುತ್ತಲೇ ಇಲ್ಲ. ಟೆಸ್ಟ್ ಓಡಿದ ಲಾಗ್‌ನ ಕೊನೆಯ ಸಾಲಿನಲ್ಲಿ ‘2 ಫೇಲ್ಡ್, 118 ಪಾಸ್ಡ್’. ಅದೇ ಸ್ಟೆಪ್ಪಿನ ಪಕ್ಕದಲ್ಲಿ ಹಸಿರು ಟಿಕ್. “ಗ್ರೀನ್ ಇದೆಯಲ್ಲ ಸರ್, ಮರ್ಜ್ ಮಾಡ್ಲಾ?” ಎಂದು ಕೇಳಿದ ಹುಡುಗನದು ಏನೂ ತಪ್ಪಿಲ್ಲ. ಟಿಕ್ ಇರುವುದೇ ನಂಬುವುದಕ್ಕೆ.

ಟೆಸ್ಟುಗಳನ್ನು ತಾನಾಗಿ ಓಡಿಸುವ ಪೈಪ್‌ಲೈನ್ ಲಾಗ್ ಓದುವುದಿಲ್ಲ, ಕಮಾಂಡ್ ಮುಗಿಯುವಾಗ ಕೊಡುವ ಅಂಕಿ, ಅಂದರೆ ಎಕ್ಸಿಟ್ ಕೋಡ್ ಒಂದನ್ನೇ ನೋಡುತ್ತದೆ. ಸೊನ್ನೆಯಾದರೆ ಪಾಸ್, 1ರಿಂದ 255ರವರೆಗೆ ಏನು ಬಂದರೂ ಫೇಲ್. ಇಲ್ಲಿ ಲಾಗ್ ಫೈಲಿನಲ್ಲೂ ಉಳಿಯಲಿ ಎಂದು ಪೈಟೆಸ್ಟ್ (ಪೈಥಾನ್ ಟೆಸ್ಟುಗಳನ್ನು ಓಡಿಸುವ ಟೂಲ್) ಔಟ್‌ಪುಟ್ಟನ್ನು ಪೈಪ್ (‘|’ ಗುರುತು) ಮೂಲಕ, ಪರದೆಗೂ ಫೈಲಿಗೂ ಒಟ್ಟಿಗೆ ಬರೆಯುವ ‘ಟೀ’ ಕಮಾಂಡಿಗೆ ಕೊಟ್ಟಿದ್ದರು. ಪೈಪ್ ಇದ್ದಾಗ ಬ್ಯಾಶ್ (ಈ ಕಮಾಂಡುಗಳನ್ನು ಓಡಿಸುವ ಶೆಲ್) ಲೆಕ್ಕಕ್ಕೆ ಹಿಡಿಯುವುದು ಕೊನೆಯ ಕಮಾಂಡಿನ ಕೋಡನ್ನು. ಪೈಟೆಸ್ಟ್ 1 ಕೊಟ್ಟಿತು. ಟೀ ತನ್ನ ಫೈಲ್ ಬರೆದು 0 ಕೊಟ್ಟಿತು. ಆ 1 ಅಲ್ಲೇ ಮಾಯ. ಸ್ಕ್ರಿಪ್ಟಿನ ಮೊದಲಲ್ಲೇ, ಪೈಪಿನ ಯಾವ ಕಮಾಂಡ್ ಬಿದ್ದರೂ ಇಡೀ ಸಾಲನ್ನು ಫೇಲ್ ಎಂದು ಹಿಡಿಯುವ ಪೈಪ್‌ಫೇಲ್ ಆನ್ ಮಾಡಿದ್ದರೆ ಸಾಕಿತ್ತು. ಗಿಟ್‌ಹಬ್ ಆಕ್ಷನ್ಸ್‌ನ ಲಿನಕ್ಸ್ ರನ್ನರ್‌ನಲ್ಲಿ (ಸ್ಟೆಪ್ಪುಗಳನ್ನು ಓಡಿಸುವ ಯಂತ್ರದಲ್ಲಿ) ಶೆಲ್ ಯಾವುದೆಂದು ಬರೆಯದಿದ್ದರೂ ಓಡುವುದು ಬ್ಯಾಶೇ, ಆದರೆ ಪೈಪ್‌ಫೇಲ್ ಇಲ್ಲದೆ. ‘ಶೆಲ್: ಬ್ಯಾಶ್’ ಎಂದು ಒಂದು ಸಾಲು ಸೇರಿಸಿದರೆ ಪೈಪ್‌ಫೇಲ್ ತಾನಾಗಿ ಬರುತ್ತದೆ.

ನನಗೆ ಸಿಟ್ಟು ಬರುವುದು ಟೆಸ್ಟ್ ಕಮಾಂಡಿನ ಬಾಲಕ್ಕೆ ‘|| ಟ್ರೂ’ (ಬಿದ್ದರೂ ಸೊನ್ನೆಯನ್ನೇ ಕೊಡು) ಅಂಟಿಸುವವರ ಮೇಲೆ. ಟೆಸ್ಟ್ ಬಿದ್ದರೂ ಮುಂದಿನ ಸ್ಟೆಪ್ಪಿನ ಕವರೇಜ್ ರಿಪೋರ್ಟ್ ಅಪ್‌ಲೋಡ್ ಆಗಬೇಕು ಅನ್ನುವುದು ಅವರ ವಾದ. ನ್ಯಾಯವೇ. ಆದರೆ ಅದಕ್ಕೆ ಅಪ್‌ಲೋಡ್ ಸ್ಟೆಪ್ಪಿಗೆ ‘ಇಫ್: ಆಲ್ವೇಸ್()’ (ಹಿಂದಿನದು ಬಿದ್ದರೂ ಇದನ್ನು ಓಡಿಸು) ಹಾಕಬೇಕೇ ಹೊರತು ಟೆಸ್ಟಿನ ಬಾಯಿ ಕಟ್ಟಬಾರದು. ಎಕ್ಸಿಟ್ ಕೋಡನ್ನು ಹಿಡಿದಿಟ್ಟು ಆಮೇಲೆ ಬಳಸುವವರು ಮೊದಲು ‘ಸೆಟ್ +ಇ’ ಹಾಕಿ (ಇಲ್ಲದಿದ್ದರೆ ಸ್ಕ್ರಿಪ್ಟ್ ಟೆಸ್ಟ್ ಬಿದ್ದ ಸಾಲಿನಲ್ಲೇ ನಿಂತುಬಿಡುತ್ತದೆ), ಟೆಸ್ಟ್ ಮುಗಿದ ತಕ್ಷಣದ ಸಾಲಿನಲ್ಲೇ ‘$?’ ಅನ್ನು, ಅಂದರೆ ಹಿಂದಿನ ಕಮಾಂಡಿನ ಕೋಡನ್ನು, ವೇರಿಯೆಬಲ್ಲಿಗೆ ತುಂಬಬೇಕು. ನಡುವೆ ಒಂದು ಎಕೋ (ಸಾಲು ಮುದ್ರಿಸುವ ಕಮಾಂಡ್) ಬಂದರೂ ಸಿಗುವುದು ಎಕೋದ ಸೊನ್ನೆ.

ಕೆಂಪಾದ ಮಾತ್ರಕ್ಕೆ ಕೋಡ್ ತಪ್ಪಿದೆ ಎಂದೂ ಅಲ್ಲ. 127 ಅಂದರೆ ಕಮಾಂಡೇ ಸಿಗಲಿಲ್ಲ. 137 ಅಂದರೆ 128ಕ್ಕೆ 9 ಸೇರಿದ್ದು: ಸಿಗ್‌ಕಿಲ್ (ಪ್ರೋಗ್ರಾಮನ್ನು ಬಲವಂತವಾಗಿ ನಿಲ್ಲಿಸುವ 9ನೇ ಸಿಗ್ನಲ್) ಬಿದ್ದಿದೆ, ಮೊದಲು ಮೆಮೊರಿ ನೋಡಿ. ಪೈಟೆಸ್ಟ್ 5 ಕೊಟ್ಟರೆ ಒಂದು ಟೆಸ್ಟೂ ಸಿಗಲಿಲ್ಲ ಎಂದರ್ಥ. ಹೆಚ್ಚಾಗಿ ಫೋಲ್ಡರ್ ಹೆಸರು ಬದಲಾಗಿರುತ್ತದೆ. ಕಿರಿಕಿರಿ ಎಂದು ಅದನ್ನು ಸೊನ್ನೆ ಮಾಡಿಬಿಟ್ಟರೆ ಖಾಲಿ ಟೆಸ್ಟ್ ಸೂಟ್ ತಿಂಗಳುಗಟ್ಟಲೆ ಪಾಸಾಗುತ್ತಲೇ ಇರುತ್ತದೆ.

ಈ ಸ್ಟೆಪ್ಪುಗಳನ್ನು ಬರೆದಿಟ್ಟಿರುವ ವರ್ಕ್‌ಫ್ಲೋ ಫೈಲ್ ಮುಟ್ಟಿದಾಗಲೆಲ್ಲ ‘ಅಸರ್ಟ್ ಫಾಲ್ಸ್’ ಇರುವ, ಅಂದರೆ ಬೀಳಲೇಬೇಕಾದ ಒಂದು ಟೆಸ್ಟನ್ನು ಬೇರೆ ಬ್ರಾಂಚಿಗೆ ಪುಷ್ ಮಾಡಿ. ಜಾಬ್ ಕೆಂಪಾಗದಿದ್ದರೆ ಮರ್ಜ್ ಬೇಡ.