ನಮ್ಮಜ್ಜ ಮೂರ್ತೆದಾರ, ಪಕ್ಕದ ಮನೆಯವರು ಬ್ರೂವರ್

ಕಳೆದ ತಿಂಗಳು ಇಲ್ಲಿನ ಕನ್ನಡದವರೆಲ್ಲ ಸೇರಿ ದೀಪಾವಳಿ ಊಟ ಇಟ್ಟುಕೊಂಡಿದ್ದೆವು. ನನ್ನ ಒಂಬತ್ತು ವರ್ಷದ ಮಗಳು ಊಟದ ಮಧ್ಯೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನನ್ನ ಮುತ್ತಜ್ಜ ಬ್ರೂವರ್. ತೆಂಗಿನ ಮರದ ಮೇಲೆ ಮಾಡ್ತಿದ್ರು." ಬ್ರೂವರ್ ಅಂದರೆ ಬಿಯರ್ ಮಾಡುವವರು. ನಮ್ಮಜ್ಜ ಮೂರ್ತೆದಾರರು, ಅಂದರೆ ಮರ ಹತ್ತಿ ಶೇಂದಿ ಇಳಿಸುವವರು. ಎದುರಿಗೆ ಕೂತಿದ್ದ ಒಬ್ಬರು ನಕ್ಕು, "ಹಾಗೆಲ್ಲ ಎಲ್ಲರ ಮುಂದೆ ಹೇಳ್ಬಾರ್ದು ಪುಟ್ಟಿ" ಎಂದರು. ಮಗಳಿಗೆ ಅರ್ಥವಾಗಲಿಲ್ಲ. "ಯಾಕೆ ಆಂಟಿ? ಪಕ್ಕದ ಮನೆ ಅಜ್ಜ ಮಾಡಿದ ಬಿಯರನ್ನ ನೀವೆಲ್ಲ ಕೇಳಿ ತಗೊಂಡು ಹೋಗ್ತೀರಲ್ವಾ?" ಅಂದಳು. ಯಾರೂ ಉತ್ತರ ಕೊಡಲಿಲ್ಲ. ಯಾರೋ ಪಾಯಸದ ಮಾತು ಎತ್ತಿದರು.

ಹಾಗೆ ಹೇಳಿದವರು ಕೆಟ್ಟವರಲ್ಲ. ಮಗುವಿನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ನನಗೆ ನೋವಾಯಿತು. ಆ ನೋವು ಇನ್ನೂ ಹೋಗಿಲ್ಲ.

ನಾವಿರುವುದು ಒರೆಗಾನ್ ರಾಜ್ಯದ ಕೊರ್ವಾಲಿಸ್‌ನಲ್ಲಿ. ವಿಲಾಮೆಟ್ ಕಣಿವೆ ಅಂದರೆ ಹಾಪ್ಸ್ ಬೆಳೆಯುವ ಸೀಮೆ. ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹೂವು ಇದು. ಅಮೆರಿಕದ ಬಿಯರಿನ ರುಚಿಯನ್ನೇ ಬದಲಿಸಿದ ಕ್ಯಾಸ್ಕೇಡ್ ಎಂಬ ತಳಿ ಇದೇ ಊರಿನಲ್ಲಿ ಹುಟ್ಟಿ, 1972ರಲ್ಲಿ ರೈತರ ಕೈಗೆ ಬಂತು. ನಮ್ಮ ಪಕ್ಕದ ಮನೆಯವರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಅವರ ಗ್ಯಾರೇಜಿನ ಗೋಡೆಗೂ ಹಾಪ್ಸ್ ಬಳ್ಳಿ ಹಬ್ಬಿದೆ. ಆಗಸ್ಟ್ ಕೊನೆಗೆ ತಿಳಿಹಸಿರಿನ ಹೂಗೊಂಚಲು ತೂಗುತ್ತದೆ. ಒಂದನ್ನು ಕಿತ್ತು ಉಗುರಿನಿಂದ ಸೀಳಿ ತೋರಿಸಿದ್ದರು. ಎಸಳುಗಳ ಬುಡದಲ್ಲಿ ಅರಿಶಿನದ ಬಣ್ಣದ ಹುಡಿ. ಅಂಗೈಗಳ ಮಧ್ಯೆ ಉಜ್ಜಿದರೆ ಅಂಟು ಹಿಡಿಯುತ್ತದೆ. ಮೂಗಿಗೆ ಹಿಡಿದರೆ ಕಿತ್ತಳೆ ಸಿಪ್ಪೆಯ ವಾಸನೆ, ಜೊತೆಗೆ ಪೈನ್ ಮರದ್ದು. ಕಹಿ ಇರುವುದು ಆ ಹುಡಿಯಲ್ಲಿ.

ಅವತ್ತೇ ಅವರು ನಿಮ್ಮ ಕಡೆ ಏನು ಮಾಡುತ್ತಾರೆ ಎಂದು ಕೇಳಿದರು. ಬಂಟ್ವಾಳ ತಾಲೂಕಿನಲ್ಲಿ ನಮ್ಮಜ್ಜ ತೆಂಗಿನ ಮರದಿಂದ ಶೇಂದಿ ಇಳಿಸುತ್ತಿದ್ದರು ಎಂದೆ. ಅವರು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟರು. "ಅಂದರೆ ನೀನು ಬ್ರೂವರ್ ಮನೆತನದವನು!" ಎಂದು ಹೆಂಡತಿಯನ್ನು ಕೂಗಿ ಕರೆದರು. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಮಡಕೆ ಮಣ್ಣಿನದ್ದಾ? ಯೀಸ್ಟ್ ಎಲ್ಲಿಂದ ಬರುತ್ತದೆ? ಮರದ ಮೇಲೇ ಹುಳಿ ಬರಲು ಶುರುವಾಗುತ್ತದಾ? ಮಡಕೆ ಹೇಗೆ ತೊಳೆಯುತ್ತಿದ್ದರು? ನನ್ನ ಅಜ್ಜನ ಕೆಲಸದ ಬಗ್ಗೆ ಅಲ್ಲಿಯವರೆಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಹಾಗೆ ನಾನು ಅವರ ಗ್ಯಾರೇಜು ಸೇರಿದೆ. ಈಗ ಬೇರೆ ದೇಶಗಳಲ್ಲಿರುವ ಗೆಳೆಯರು ಫೋನ್ ಮಾಡಿ ಶುರು ಮಾಡಲು ಏನೇನು ಬೇಕು ಎಂದು ಕೇಳುತ್ತಾರೆ. ಊರಿನಲ್ಲಿರುವವರಿಗೆ ಮೊದಲೇ ಹೇಳುತ್ತೇನೆ: 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಇಲ್ಲೂ ಮೊದಲು ಹಾಗೇ ಇತ್ತು. 1920ರಿಂದ 1933ರವರೆಗೆ ಪಾನನಿಷೇಧ. ಅದು ಹೋದ ಮೇಲೂ ಮನೆಯಲ್ಲಿ ವೈನ್ ಮಾಡಬಹುದಿತ್ತು, ಬಿಯರ್ ಮಾಡುವಂತಿರಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಅನುಮತಿ ಸಿಕ್ಕಿತು. ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ದೊಡ್ಡವರಿರುವ ಮನೆಗೆ 200. ಮಾರುವಂತಿಲ್ಲ.

ಬಿಯರಿಗೆ ಬೇಕಾದದ್ದು ನಾಲ್ಕೇ: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಮಾಲ್ಟ್ ಅಂದರೆ ಹೆದರಬೇಡಿ. ಮಗುವಿಗೆ ಮಣ್ಣಿ, ಅಂದರೆ ಗಂಜಿ, ಮಾಡಲು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸುತ್ತೇವಲ್ಲ, ಬಾರ್ಲಿಗೆ ಮಾಡುವುದೂ ಅದನ್ನೇ. ಮೊಳಕೆ ಬಂದ ಕಾಳನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಅದರೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಮೊದಲ ಸಲಕ್ಕೆ ಇಷ್ಟು ಕೆಲಸವೂ ಬೇಡ. ಆ ಸಕ್ಕರೆ ನೀರನ್ನೇ ಒಣಗಿಸಿದ ಹುಡಿ ಸಿಗುತ್ತದೆ, ಡ್ರೈ ಮಾಲ್ಟ್ ಎಕ್ಸ್‌ಟ್ರಾಕ್ಟ್ ಎಂದು. ಅದನ್ನೇ ತನ್ನಿ.

ಅಂಗಡಿಯ ಕಿಟ್‌ಗಳೆಲ್ಲ 5 ಗ್ಯಾಲನ್, ಅಂದರೆ 19 ಲೀಟರಿನ ಲೆಕ್ಕದಲ್ಲಿರುತ್ತವೆ. ನನ್ನ ಮಾತು ಕೇಳಿ, 10 ಲೀಟರ್ ಸಾಕು. ಮನೆಯ ಒಲೆಯ ಮೇಲೇ ಆಗುತ್ತದೆ. 15 ಲೀಟರಿನ ಸ್ಟೀಲ್ ಪಾತ್ರೆ, 1.4 ಕಿಲೋ ಮಾಲ್ಟ್ ಹುಡಿ, 30 ಗ್ರಾಂ ಕ್ಯಾಸ್ಕೇಡ್. ಮಾಲ್ಟ್ ಹುಡಿಯನ್ನು ನೀರಿನಲ್ಲಿ ಕರಗಿಸಿ ಒಲೆಗಿಡಿ. ಕುದಿ ಬಂದ ಕೂಡಲೇ ಅರ್ಧ ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ. ಕಹಿ ಬರುವುದು ಇದರಿಂದ. ಉಳಿದರ್ಧ ಕೊನೆಯ ಐದು ನಿಮಿಷಕ್ಕೆ. ಅದು ಪರಿಮಳಕ್ಕೆ, ಜಾಸ್ತಿ ಕುದಿಸಿದರೆ ಹಾರಿಹೋಗುತ್ತದೆ. ಕುದಿಯುವಾಗ ಆವಿಯಾಗಿ ಹೋದಷ್ಟು ನೀರನ್ನು ಆಮೇಲೆ ಸೇರಿಸಿಕೊಳ್ಳಿ. ಪಾತ್ರೆಯನ್ನು ಮಂಜುಗಡ್ಡೆ ಹಾಕಿದ ಸಿಂಕಿನಲ್ಲಿಟ್ಟು 20 ಡಿಗ್ರಿಗೆ ಇಳಿಸಿ, ಮುಚ್ಚಳವಿರುವ ಬಕೆಟ್ಟಿಗೆ ಸುರಿದು ಯೀಸ್ಟ್ ಹಾಕಿ. ಬಿಸಿ ಇದ್ದಾಗ ಯೀಸ್ಟ್ ಹಾಕಿದರೆ ಸತ್ತುಹೋಗುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಿಯರಿಗೆ ಔಷಧದ ವಾಸನೆ ಬರುತ್ತದೆ. ಕ್ಲೋರಿನ್ ತೆಗೆಯುವ ಕ್ಯಾಂಪ್ಡನ್ ಮಾತ್ರೆಯ ಕಾಲು ಭಾಗವನ್ನು ಹುಡಿ ಮಾಡಿ ಮೊದಲೇ ನೀರಿಗೆ ಹಾಕಿಬಿಡಿ.

ದುಡ್ಡು ಎಲ್ಲಿ ಉಳಿಸಿದರೂ ಸ್ವಚ್ಛತೆಯಲ್ಲಿ ಉಳಿಸಬೇಡಿ. ಕುದಿಸಿ ತಣಿಸಿದ ಮೇಲೆ ಏನೇನು ಅದಕ್ಕೆ ತಾಗುತ್ತದೋ, ಬಕೆಟ್, ಮುಚ್ಚಳ, ಪೈಪು, ಸೌಟು, ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ ಕೂಡ, ಎಲ್ಲವನ್ನೂ ಸ್ಟಾರ್ ಸ್ಯಾನ್ ಎಂಬ ಕ್ರಿಮಿನಾಶಕ ಬೆರೆಸಿದ ನೀರಿನಲ್ಲಿ ಅದ್ದಬೇಕು. ಮತ್ತೆ ತೊಳೆಯಬೇಕಾಗಿಲ್ಲ. ನೊರೆ ಉಳಿದರೂ ತೊಂದರೆ ಇಲ್ಲ. ಬಕೆಟ್ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ಕಿನದ್ದಿರಲಿ, ನೊರೆ ಏಳಲು ಜಾಗ ಇರುವಂತೆ 15 ಲೀಟರಿನದು. ಒಳಗೆ ಗೀರು ಬಿದ್ದದ್ದು ಬೇಡ, ಗೀರಿನಲ್ಲಿ ಬ್ಯಾಕ್ಟೀರಿಯಾ ಕೂತುಬಿಡುತ್ತದೆ. ಮುಚ್ಚಳದ ಮೇಲೆ ಏರ್‌ಲಾಕ್ ಇರಬೇಕು. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಅದು ಗುಳು ಗುಳು ಎನ್ನುವುದನ್ನು ನೋಡಲು ನನ್ನ ಮಗಳು ಸ್ಕೂಲಿನಿಂದ ಬಂದವಳೇ ಪಕ್ಕದ ಗ್ಯಾರೇಜಿಗೆ ಓಡುತ್ತಾಳೆ. ಅಳತೆ, ತೂಕದ ಕೆಲಸವೂ ಅವಳದ್ದೇ. ಕುಡಿಯಲು ಇಲ್ಲಿ 21 ತುಂಬಬೇಕು, ಕಲಿಯಲು ವಯಸ್ಸಿನ ತಡೆಯಿಲ್ಲ.

ಹೈಡ್ರೋಮೀಟರ್ ಕೊಳ್ಳಲೇಬೇಕು. ದ್ರವದಲ್ಲಿ ಎಷ್ಟು ಸಕ್ಕರೆ ಕರಗಿದೆ ಎಂದು ತೋರಿಸುವ ಸಣ್ಣ ಗಾಜಿನ ಕಡ್ಡಿ ಅದು, ಬೆಲೆಯೂ ಕಡಿಮೆ. ಶುರುವಿಗೆ 1.050 ತೋರಿಸಿದ್ದು, 18ರಿಂದ 20 ಡಿಗ್ರಿಯಲ್ಲಿ ಎರಡು ವಾರ ಇಟ್ಟು, ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದ ಮೇಲೆ 1.012ರ ಸುತ್ತಮುತ್ತ ಬರಬೇಕು. ಅಷ್ಟಾದರೆ ಆಲ್ಕೋಹಾಲ್ ಸುಮಾರು 5%. ಎರಡು ಮೂರು ದಿನ ಬಿಟ್ಟು ನೋಡಿದರೂ ಅದೇ ಸಂಖ್ಯೆ ಇದ್ದರೆ ಮಾತ್ರ ಬಾಟಲಿಗೆ ತುಂಬಿ. ಅವಸರ ಮಾಡಿದರೆ ಉಳಿದ ಸಕ್ಕರೆಯೆಲ್ಲ ಬಾಟಲಿಯೊಳಗೆ ಗ್ಯಾಸ್ ಆಗಿ ಗಾಜು ಸಿಡಿಯುತ್ತದೆ. ಇದು ಹೆದರಿಸಲು ಹೇಳುವ ಮಾತಲ್ಲ. ತುಂಬುವಾಗ 60 ಗ್ರಾಂ ಸಕ್ಕರೆ ಕುದಿಸಿ ಸೇರಿಸಿ, ನೊರೆಗೆ ಅಷ್ಟು ಸಾಕು. ಕಂದು ಬಾಟಲಿಯೇ ಬೇಕು, ಬಿಸಿಲು ತಾಗಿದರೆ ಹಾಪ್ಸ್ ಕೆಟ್ಟು ನಾರುತ್ತದೆ. ಇನ್ನೆರಡು ವಾರ ಮನೆಯೊಳಗೇ ಇಟ್ಟು, ಆಮೇಲೆ ಫ್ರಿಜ್ಜಿಗೆ.

ಇಷ್ಟನ್ನೂ ಕಲಿಯುತ್ತಾ ಕಲಿಯುತ್ತಾ ನನಗೆ ಅಜ್ಜ ಅರ್ಥವಾಗತೊಡಗಿದರು. ಅವರ ಹತ್ತಿರ ಥರ್ಮಾಮೀಟರ್ ಇರಲಿಲ್ಲ, ಹೈಡ್ರೋಮೀಟರ್ ಇರಲಿಲ್ಲ. ಕಾಲಿಗೆ ಹಗ್ಗದ ಬಳೆ, ಸೊಂಟದಲ್ಲಿ ಕತ್ತಿ. ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನಾ ಸುತ್ತಲೂ ಮೆತ್ತಗೆ ತಟ್ಟಬೇಕು. ಜೋರಾಗಿ ತಟ್ಟಿದರೆ ಹೊಂಬಾಳೆ ಹಾಳು, ಕಡಿಮೆಯಾದರೆ ರಸ ಇಳಿಯುವುದಿಲ್ಲ. ಆಮೇಲೆ ತುದಿಯನ್ನು ತೆಳ್ಳಗೆ ಕೊಯ್ದು ಮಡಕೆ ಕಟ್ಟುವುದು. ಬೆಳಿಗ್ಗೆ ಸಂಜೆ ಹತ್ತಿ ಇಳಿಸುವುದು. ಸಿಹಿಯಾಗೇ ಇರಬೇಕಾದರೆ ಮಡಕೆಯೊಳಗೆ ಸುಣ್ಣ ಬಳಿಯುವುದು. ಎಷ್ಟು ತಟ್ಟಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬ, ಕ್ರಿಸ್‌ಮಸ್ ಬಂದರೆ ನೆರೆಯ ಕ್ರಿಶ್ಚಿಯನ್ ಮನೆಯವರು ಸನ್ನಾ ಎಂಬ ಇಡ್ಲಿಯಂಥ ತಿಂಡಿಗೆಂದು ಚೊಂಬು ಹಿಡಿದು ಬರುತ್ತಿದ್ದರು. ಅಕ್ಕಿ ಹಿಟ್ಟಿಗೆ ನಮ್ಮಜ್ಜನ ಶೇಂದಿ ಬಿದ್ದರೇ ಸನ್ನಾ ಉಬ್ಬುವುದು. ಹಾಗೆ ಬಂದವರು ಅಜ್ಜನ ಜೊತೆ ಕೂತು ಮಾತಾಡುತ್ತಿದ್ದರು. ಬೇರೆ ಕೆಲವು ಮನೆಗಳಲ್ಲಿ ಅಜ್ಜ ಅಂಗಳದಿಂದ ಒಳಗೆ ಹೋದದ್ದನ್ನು ನಾನು ನೋಡಿಲ್ಲ.

ಅಪ್ಪ ಮರ ಹತ್ತಲಿಲ್ಲ. ಅವರು ನಾರಾಯಣ ಗುರುಗಳ ಭಕ್ತರು. ಗುರುಗಳೇ ಕುದ್ರೋಳಿಯಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥನಿಗೆ ಕೈ ಮುಗಿಯದೆ ಅಪ್ಪ ಮಂಗಳೂರು ಬಿಡುವುದಿಲ್ಲ. ಮದ್ಯ ಮಾಡಬೇಡಿ, ಕುಡಿಯಬೇಡಿ ಎಂದು ಗುರುಗಳು ಹೇಳಿದ್ದಕ್ಕೆ ಕಾರಣವಿತ್ತು. ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ಕಂಡಿದ್ದೇನೆ. ಅಪ್ಪನ ಆಯ್ಕೆ ನನಗೆ ದೊಡ್ಡದು. ಆದರೆ ಅಂಗಳದಲ್ಲಿ ನಿಲ್ಲಿಸಿದವರು ಹೆಂಡ ಬೇಡ ಎಂದು ನಿಲ್ಲಿಸಿದ್ದಲ್ಲ. ಅವರಲ್ಲಿ ಕೆಲವರ ಮನೆಗೆ ಹಿಂದಿನ ಬಾಗಿಲಿನಿಂದ ಶೇಂದಿ ಹೋಗುತ್ತಿತ್ತು. ಈಗ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗೆ ಮನೆಮಂದಿಯೆಲ್ಲ ಹೋಗುತ್ತಾರೆ, ಗಾಜಿನ ಹಿಂದಿನ ತಾಮ್ರದ ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದನ್ನು ನಡೆಸುವವರಿಗೆ ಒಳ್ಳೆಯದಾಗಲಿ. ಅದೇ ವಿದ್ಯೆ ಬರಿ ಮೈಯಲ್ಲಿ ಮರ ಹತ್ತಿದವನ ಕೈಯಲ್ಲಿದ್ದಾಗ ಮಾತ್ರ ಯಾಕೆ ಮುಚ್ಚಿಡಬೇಕು? ನನ್ನ ಮಗಳು ಕೇಳಿದ್ದೂ ಇಷ್ಟೇ.

ಊಟದ ಮನೆಯಲ್ಲಿ ನಡೆದದ್ದನ್ನು ಪಕ್ಕದ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಪ್ಪನ ಜೊತೆ ಮಾತಾಡಬಹುದಾ?" ಎಂದರು. ಭಾನುವಾರ ವಿಡಿಯೋ ಕಾಲ್ ಹಚ್ಚಿಕೊಟ್ಟೆ. ಈ ವಿಷಯದಲ್ಲಿ ಅಪ್ಪ ಬಾಯಿ ಬಿಡಲಾರರು ಎಂದುಕೊಂಡಿದ್ದೆ. ಕೇಳಿದ್ದೇ ತಡ, ಎದ್ದು ನಿಂತು ಹೊಂಬಾಳೆ ಹಿಡಿಯುವುದು ಹೇಗೆ, ಕತ್ತಿ ಎಷ್ಟು ಓರೆ ಇರಬೇಕು ಎಂದು ಕೈಯಲ್ಲೇ ತೋರಿಸಿದರು. ತುಳುವಿನಲ್ಲಿ ಅವರು, ಇಂಗ್ಲಿಷಿನಲ್ಲಿ ಇವರು, ಮಧ್ಯೆ ನಾನು. ಅಪ್ಪನಿಗೂ ಒಂದು ಪ್ರಶ್ನೆ ಇತ್ತು: "ಆ ಕಹಿ ಹೂ ಯಾಕೆ ಹಾಕೋದಂತೆ, ಕೇಳು." ರುಚಿಗೆ ಮಾತ್ರವಲ್ಲ, ಅದು ಬ್ಯಾಕ್ಟೀರಿಯಾ ತಡೆಯುತ್ತದೆ, ಬಿಯರ್ ತಿಂಗಳುಗಟ್ಟಲೆ ಇರುತ್ತದೆ ಎಂದು ಇವರು ವಿವರಿಸಿದರು. ಅಪ್ಪ ತಲೆಯಾಡಿಸಿದರು. "ಶೇಂದಿ ಮರುದಿನಕ್ಕೇ ಹುಳಿ ವಿನೆಗರ್ ಆಗ್ತದೆ. ನಮ್ಮ ಅಪ್ಪನಿಗೆ ಇದೊಂದು ಗೊತ್ತಿರ್ತಿದ್ರೆ ಕತ್ತಲಾಗೋ ಮೊದಲು ಎಲ್ಲಾ ಮಾರಿ ಮುಗಿಸ್ಬೇಕು ಅಂತ ಆ ಓಡಾಟ ಇರ್ತಿರ್ಲಿಲ್ಲ, ಮಾರಾಯ" ಎಂದರು. ಪಕ್ಕದ ಮನೆಯವರು ಅದನ್ನೂ ಹೇಳು ಎಂದು ನನ್ನ ಕಡೆ ತಿರುಗಿದರು.