ಕೋಟ್ಲಾದ ಒಂದು ಓವರ್: ನಾಲ್ಕನೇ ಕರಡಿನವರೆಗಿನ ಲೆಕ್ಕ

ಕಥೆ ಈಗ ನಾಲ್ಕನೇ ಕರಡಿನಲ್ಲಿದೆ. ಮೊದಲನೆಯದು 5,200 ಪದವಿತ್ತು, ಇದು 2,900ಕ್ಕೆ ಇಳಿದಿದೆ. ವಸ್ತು ಒಂದೇ ಒಂದು ಓವರ್. 1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ, ಪಾಕಿಸ್ತಾನದ ಎದುರು ಎರಡನೇ ಟೆಸ್ಟಿನ ನಾಲ್ಕನೇ ದಿನ. ಅನಿಲ್ ಕುಂಬ್ಳೆ ಒಂಬತ್ತು ವಿಕೆಟ್ ಕಿತ್ತಾಗಿದೆ, ಸ್ಕೋರ್ 9ಕ್ಕೆ 198. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾದವರು ಜಾವಗಲ್ ಶ್ರೀನಾಥ್. ಅವರ ಕೈಗೆ ಆ ಹತ್ತನೇ ವಿಕೆಟ್ ಬಿದ್ದರೆ ಕುಂಬ್ಳೆಯ ದಾಖಲೆ ಮಣ್ಣು. ಹಾಗಾಗಿ ವಿಕೆಟ್ ಬೀಳದಂತೆ ಬೌಲ್ ಮಾಡಬೇಕು, ಅದೂ ಒಬ್ಬ ವೇಗದ ಬೌಲರ್. ಅವರು ಚೆಂಡನ್ನು ಸ್ಟಂಪ್‌ಗಳಿಂದ ದೂರ ದೂರ ಹಾಕಿದರು. ಮುಂದಿನ ಓವರಿನ ಮೂರನೇ ಎಸೆತಕ್ಕೆ ವಾಸಿಂ ಅಕ್ರಂ, ಲಕ್ಷ್ಮಣ್ ಕೈಗೆ ಕ್ಯಾಚ್ ಕೊಟ್ಟರು. 207ಕ್ಕೆ ಆಲೌಟ್. ಕುಂಬ್ಳೆ 26.3 ಓವರ್, 74 ರನ್, ಹತ್ತು ವಿಕೆಟ್.

ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿಗಳು ತಮ್ಮ ಮೆಚ್ಚಿನ ಪಾತ್ರ, ವ್ಯಕ್ತಿಗಳ ಮೇಲೆ ಕಟ್ಟುವ ಕಥೆ, ಬರೆಯುವವರಲ್ಲಿ ಇಂಥದ್ದಕ್ಕೆ ಆರ್‌ಪಿಎಫ್ ಎನ್ನುತ್ತಾರೆ: ರಿಯಲ್ ಪರ್ಸನ್ ಫಿಕ್ಷನ್, ನಿಜವಾದ ಮನುಷ್ಯರ ಮೇಲೆ ಕಟ್ಟಿದ ಕಥೆ. ಸಿನಿಮಾ ಪಾತ್ರವನ್ನು ಎತ್ತಿಕೊಂಡು ಬರೆದರೆ ಆ ಪಾತ್ರ ನೋಯುವುದಿಲ್ಲ. ಇಲ್ಲಿ ಇಬ್ಬರೂ ಬದುಕಿದ್ದಾರೆ, ಕನ್ನಡ ಓದುತ್ತಾರೆ. ನಾಳೆ ಯಾರೋ ಇದನ್ನು ಅವರ ಮೊಬೈಲಿಗೆ ಕಳಿಸಿದರೆ ಏನು ಗತಿ ಎಂಬುದನ್ನು ಪ್ರತಿ ಪುಟದಲ್ಲೂ ಕೇಳಿಕೊಳ್ಳಬೇಕು. ಕೆಲಸದ ಮುಕ್ಕಾಲು ಪಾಲು ಅದೇ.

ಬರೆಯುವ ಮೊದಲು ಮಾಡಬೇಕಿದ್ದದ್ದು, ಎರಡನೇ ಕರಡಿನ ನಂತರ ಮಾಡಿದ್ದು, ಮೂರು ಕಾಲಮ್ಮಿನ ಪಟ್ಟಿ. ಮೊದಲ ಕಾಲಂ ದಾಖಲೆ: ಸ್ಕೋರ್‌ಕಾರ್ಡ್, ಟಿವಿಯಲ್ಲಿ ಕಂಡದ್ದು. ಎರಡನೆಯದು ಹೇಳಿಕೆ: ಆಟಗಾರರು ಆಮೇಲೆ ತಾವೇ ಹೇಳಿದ್ದು. ಮೂರನೆಯದು ಕಲ್ಪನೆ. ಕಥೆಯ ಪ್ರತಿ ವಾಕ್ಯವನ್ನೂ ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಹಾಕಬೇಕು. ಎಲ್ಲಿಗೂ ಹೋಗದ ವಾಕ್ಯ ಎಂದರೆ ಎಲ್ಲೋ ಕೇಳಿದ ಗಾಳಿಮಾತು. ಅದನ್ನು ಹೊಡೆದುಹಾಕುವುದು. ಹೀಗೆ ಹನ್ನೊಂದು ವಾಕ್ಯ ಹೋದವು. ಅದರಲ್ಲಿ ನಾಲ್ಕು ಬಹಳ ಚೆನ್ನಾಗಿದ್ದವು, ಹೊಟ್ಟೆ ಉರಿಯಿತು. ಎರಡನೇ ಕಾಲಮ್ಮಿನದೇ ಹೆಚ್ಚು ತರಲೆ, ಯಾಕೆಂದರೆ ಇಪ್ಪತ್ತು ವರ್ಷದ ನಂತರ ಮಾತಾಡುವ ಆಟಗಾರ ನೆನಪಿನಿಂದ ಮಾತಾಡುತ್ತಾನೆ. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗದ ಕಡೆ ಕಥೆ ಪಂಚಾಯಿತಿಗೆ ಕೂರಬಾರದು. ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ಮೈದಾನದಲ್ಲಿ ಕಣ್ಣಿಗೆ ಕಂಡಷ್ಟನ್ನೇ ಬರೆಯುವುದು ಕ್ಷೇಮ.

ದಾಖಲೆಯ ಕಾಲಂ ತುಂಬುವಾಗ ಸಿಕ್ಕಿಬಿದ್ದ ತಪ್ಪುಗಳು ಒಂದೆರಡಲ್ಲ. ಕಥೆಗೆ ಮೂರನೇ ಕರಡಿನಲ್ಲಿ ಬಂದ ಕಲ್ಪಿತ ಗುಮಾಸ್ತ (ಅವನ ಪರಿಚಯ ಮುಂದಿದೆ) ಆಫೀಸಿಗೆ ಸುಳ್ಳು ಹೇಳಿ ರಜೆ ಹಾಕಿ ಮ್ಯಾಚಿಗೆ ಬರುತ್ತಾನೆ ಎಂದು ಒಂದೂವರೆ ಪುಟವಿತ್ತು. ಕ್ಯಾಲೆಂಡರ್ ತೆಗೆದರೆ ಫೆಬ್ರವರಿ 7 ಭಾನುವಾರ. ಒಂದೂವರೆ ಪುಟ ಕಸಕ್ಕೆ. ಒಂದು ಕಡೆ ಮೈದಾನವನ್ನು ಅರುಣ್ ಜೇಟ್ಲಿ ಸ್ಟೇಡಿಯಂ ಎಂದು ಕರೆದಿತ್ತು. ಆ ಹೆಸರು ಬಂದದ್ದು 2019ರಲ್ಲಿ. ಎದುರು ತಂಡದ ಒಬ್ಬ ಬ್ಯಾಟ್ಸ್‌ಮನ್ ಮೊಹಮ್ಮದ್ ಯೂಸುಫ್ ಎಂದಿತ್ತು. 1999ರ ಸ್ಕೋರ್‌ಕಾರ್ಡಿನಲ್ಲಿ ಅವರು ಯೂಸುಫ್ ಯೊಹಾನಾ. ಆವತ್ತಿನ ಸ್ಕೋರ್‌ಬುಕ್ಕಿನಲ್ಲಿ ಆವತ್ತಿನ ಹೆಸರೇ ಇರಬೇಕು. ಊಟಕ್ಕೆ ಮುಂಚೆ ಕುಂಬ್ಳೆ ಇನ್ನೊಂದು ತುದಿಯಿಂದ ಬೌಲ್ ಮಾಡಿ ವಿಕೆಟ್ಟಿಲ್ಲದೆ ಇದ್ದದ್ದು, ಆಮೇಲೆ ಪೆವಿಲಿಯನ್ ತುದಿಗೆ ಬಂದು ಹತ್ತನ್ನೂ ಕಿತ್ತದ್ದು ಮೊದಲ ಕರಡಿನಲ್ಲಿ ಇರಲೇ ಇಲ್ಲ. ಅದಿಲ್ಲದಿದ್ದರೆ ವಿಕೆಟ್ಟಿಲ್ಲದೆ 101 ಇದ್ದದ್ದು 6ಕ್ಕೆ 128 ಆದದ್ದರ ರಭಸ ತಿಳಿಯುವುದಿಲ್ಲ.

ಈಗ ಮುಖ್ಯ ತೊಡಕಿಗೆ ಬರೋಣ, ಅಂದರೆ ಕಥೆಯನ್ನು ಯಾರ ಕಣ್ಣಿನಿಂದ ಹೇಳುವುದು ಎಂಬುದಕ್ಕೆ.

ಮೊದಲ ಕರಡು ಶ್ರೀನಾಥ್ ಅವರ ತಲೆಯೊಳಗೆ ಕೂತಿತ್ತು. 'ನಾನು' ಎಂದು ಶುರು, ಆರು ಎಸೆತಕ್ಕೆ ಆರು ಯೋಚನೆ. ಓದಲು ಬಿಗಿಯಾಗಿತ್ತು, ಆದರೆ ತಿಂಗಳು ಬಿಟ್ಟು ಓದಿದಾಗ ಎರಡು ರೋಗ ಕಂಡವು. ಒಂದು, ತನಗೆ ಸಿಗಬಹುದಾಗಿದ್ದ ವಿಕೆಟ್ ಬಿಡುವಾಗಿನ ಸಣ್ಣ ಅಸೂಯೆಯನ್ನು ಕಥೆ ಅವರಿಗೆ ಅಂಟಿಸಿತ್ತು. ಆ ಅಸೂಯೆಯಿಲ್ಲದೆ ಉತ್ತಮ ಪುರುಷದಲ್ಲಿ ನಾಟಕವೇ ಹುಟ್ಟುವುದಿಲ್ಲ, ಅದಕ್ಕೇ ಬಂದದ್ದು. ಅವರು ಎಲ್ಲೂ ಹೇಳಿಕೊಳ್ಳದ ಭಾವನೆಯನ್ನು ಅವರದೇ ದನಿಯಲ್ಲಿ ಹೇಳಿಸಿದರೆ ಅದು ಕಥೆಯ ಅನುಕೂಲಕ್ಕೆ ಮಾಡಿದ ಸುಳ್ಳು ಸಾಕ್ಷಿ. ಎರಡು, ಓದುಗ ಅದನ್ನು ಸಂದರ್ಶನ ಅಂದುಕೊಳ್ಳುತ್ತಾನೆ. ಕಥೆಯಿಂದ ನಾಲ್ಕು ಸಾಲು ಕತ್ತರಿಸಿ ಫೋಟೋದ ಮೇಲೆ ಹಾಕಿ ವಾಟ್ಸ್ಆ್ಯಪ್‌ಗೆ ಬಿಟ್ಟರೆ ಮುಗಿಯಿತು, ಅದು ಶ್ರೀನಾಥ್ ಹೇಳಿದ ಮಾತೇ ಆಗಿಬಿಡುತ್ತದೆ. ಯಾವುದೇ ನಾಲ್ಕು ಸಾಲನ್ನು ಕತ್ತರಿಸಿದರೂ ಅದು ಕಲ್ಪನೆ ಎಂದು ಗೊತ್ತಾಗುತ್ತದೆಯೇ? ಈ ಪರೀಕ್ಷೆಯಲ್ಲಿ ಮೊದಲ ಕರಡು ಪೂರ್ತಿ ನಪಾಸು.

ಎರಡನೇ ಕರಡು ಮೇಲಿನಿಂದ ಎಲ್ಲರನ್ನೂ ನೋಡುವ ನಿರೂಪಕನದು. ಅಲ್ಲಿ ಕನ್ನಡವೇ ಕಾಲು ಹಿಡಿದೆಳೆಯಿತು. 'ಶ್ರೀನಾಥ್ ಓಡಿ ಬಂದ' ಎನ್ನುವುದೋ 'ಬಂದರು' ಎನ್ನುವುದೋ? 'ಬಂದರು' ಎಂದರೆ ಸನ್ಮಾನ ಸಮಾರಂಭದ ವರದಿ. 'ಬಂದ' ಎಂದರೆ ಬರೆಯುವವನಿಗೂ ಅವರಿಗೂ ಇಲ್ಲದ ಸಲುಗೆ. ಹೀ, ಶೀ ಎಂದು ಮುಗಿಸುವ ಭಾಷೆಗಳಲ್ಲಿ ಬರೆಯುವವರಿಗೆ ಈ ಪೀಕಲಾಟ ಇಲ್ಲ. ಗ್ಯಾಲರಿಯಲ್ಲಿ ಕೂತವನು ಮಾತ್ರ 'ಕುಂಬ್ಳೆ ಬಂದ ನೋಡು' ಎನ್ನುತ್ತಾನೆ, ಅದರಲ್ಲಿ ಅಗೌರವದ ಸುಳಿವೂ ಇರುವುದಿಲ್ಲ. ಅಭಿಮಾನದ ಏಕವಚನ ಅದು, ದೇವರಿಗೆ ಹೇಳುವಂಥದ್ದು. ಮೂರನೇ ಕರಡಿಗೆ ದಾರಿ ಸಿಕ್ಕಿದ್ದು ಇಲ್ಲಿಂದ: ಗ್ಯಾಲರಿಗೇ ಹೋಗಿ ಕೂರುವುದು.

ಹೀಗೆ ಹುಟ್ಟಿದವನು ಗುರುರಾಜ. ಪೂರ್ತಿ ಕಲ್ಪಿತ. ಅರಸೀಕೆರೆ ಕಡೆಯವನು, ದೆಹಲಿಯಲ್ಲಿ ಗುಮಾಸ್ತ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಎಸೆತ ಎಸೆತಕ್ಕೂ ಸ್ಕೋರ್ ಬರೆಯುತ್ತಾನೆ. ರನ್ನಿಲ್ಲದ ಎಸೆತಕ್ಕೆ ಚುಕ್ಕಿ, ವೈಡಿಗೆ ಕೂಡಿಸುವ ಗುರುತು. ಜಾವಗಲ್ ಅರಸೀಕೆರೆ ತಾಲ್ಲೂಕಿನದು ಎಂಬುದೇ ಅವನ ಹೆಮ್ಮೆ. ಶ್ರೀನಾಥ್ ಮೈಸೂರಿನವರು ಎಂದು ಪಕ್ಕದವನು ತಿದ್ದಿದರೆ ಕೇಳುವುದಿಲ್ಲ. ಅವನ ಕಿವಿಗೆ ಮೈದಾನದ ಮಾತು ಬೀಳುವುದಿಲ್ಲ. ಕೈ, ಭುಜ, ನಡಿಗೆ ಮಾತ್ರ ಕಾಣುತ್ತವೆ. ಉಳಿದದ್ದನ್ನು ಅವನು ಊಹಿಸಬೇಕು, ಮತ್ತು ಆ ಊಹೆ ಅವನದು ಎಂದು ಓದುಗನಿಗೆ ಕಾಣುತ್ತಲೇ ಇರುತ್ತದೆ.

ಊಹೆಗೆಂದೇ ಕನ್ನಡದಲ್ಲಿ ಒಂದು ಕ್ರಿಯಾರೂಪವಿದೆ, ಶಾಲೆಯ ವ್ಯಾಕರಣದ ಸಂಭಾವನಾರ್ಥಕ: ಬಂದಾನು, ಕೇಳಿಯಾನು, ಬಿದ್ದೀತು. ಆರ್‌ಪಿಎಫ್‌ಗೆ ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಈಗಿನ ಕರಡಿನಿಂದ ಎರಡನೇ ಎಸೆತದ ತುಣುಕು:

"ಶ್ರೀನಾಥ್ ತಿರುಗಿ ನಡೆದ. ಮಿಡ್ ಆಫಿನ ಹತ್ತಿರ ಒಂದು ಗಳಿಗೆ ನಿಂತ ಹಾಗಾಯಿತು. ಕುಂಬ್ಳೆ ಏನಾದರೂ ಕೇಳಿಯಾನೇ? ಇಲ್ಲ, ಕೇಳುವ ಪೈಕಿ ಅಲ್ಲ ಎಂದು ಗುರುರಾಜ ತನಗೆ ತಾನೇ ತೀರ್ಮಾನ ಕೊಟ್ಟುಕೊಂಡ. ಇವನೇ ಏನಾದರೂ ಅಂದಿದ್ದಾನು. ಅಥವಾ ಇಬ್ಬರೂ ಸುಮ್ಮನಿದ್ದಾರು. ಅಷ್ಟು ದೂರದಿಂದ ಸುಮ್ಮನಿರುವುದೂ ಮಾತಾಡಿದ ಹಾಗೇ ಕಾಣುತ್ತದೆ. ಚೆಂಡು ಆಫ್ ಸ್ಟಂಪಿನಿಂದ ಮಾರುದ್ದ ಆಚೆ ಹೋಯಿತು. ಗುರುರಾಜ ಪೆನ್ಸಿಲ್ ಎತ್ತಿದವನು ಅಂಪೈರ್ ಕೈ ನೋಡುತ್ತ ಹಾಗೇ ಕೂತ."

ಇದರಲ್ಲಿ ನಿಜವಾದ ಮನುಷ್ಯರ ಬಾಯಲ್ಲಿ ಒಂದು ಪದವೂ ಇಲ್ಲ. ಮೊದಲ ಕರಡಿನಲ್ಲಿ ಇದೇ ಜಾಗದಲ್ಲಿ ಇಬ್ಬರ ನಡುವೆ ಹದಿನಾಲ್ಕು ಸಾಲಿನ ಸಂಭಾಷಣೆ ಇತ್ತು, ಅದರಲ್ಲಿ 'ಗುರು', 'ಮಗಾ' ಎಲ್ಲ ಧಾರಾಳವಾಗಿತ್ತು. ಈ ರೂಪವನ್ನು ಅತಿಯಾಗಿ ಬಳಸಿದರೂ ಕೆಟ್ಟಿತು. ಪುಟಕ್ಕೆ ಐದು ದಾಟಿದರೆ ಕಥೆ ಜೋತಿಷ್ಯದ ಧಾಟಿ ಹಿಡಿಯುತ್ತದೆ. ಮೂರನೇ ಕರಡಿನಲ್ಲಿ ಒಂದು ಪುಟಕ್ಕೆ ಒಂಬತ್ತು ಸೇರಿಕೊಂಡಿದ್ದವು. ಅರ್ಧವನ್ನು ತೆಗೆದು ಆ ಜಾಗಕ್ಕೆ ಕಣ್ಣಿಗೆ ಕಾಣುವ ಚಲನೆ ಹಾಕಿದ ಮೇಲೆ ಸರಿಹೋಯಿತು.

ಬಿಟ್ಟದ್ದರಲ್ಲಿ ದೊಡ್ಡದು ಅಂಪೈರ್ ವಿಷಯ. ಕುಂಬ್ಳೆ ಬೌಲ್ ಮಾಡುತ್ತಿದ್ದ ತುದಿಯಲ್ಲಿದ್ದ ಎ.ವಿ. ಜಯಪ್ರಕಾಶ್ ಅವರೂ ಕರ್ನಾಟಕದವರೇ. ಕಥೆಗಾರನಿಗೆ ಇದು ಬಾಯಲ್ಲಿ ನೀರೂರಿಸುವ ಸಂಗತಿ: ಊರಿನವನು ಬೌಲರ್, ಊರಿನವರು ಅಂಪೈರ್, ಮೇಲೆತ್ತಿದ ಬೆರಳು. ಆದರೆ ಆ ಬೆರಳಿಗೂ ಊರಿಗೂ ಗಂಟು ಹಾಕಿದ ಕ್ಷಣ ಅದು ಬದುಕಿರುವ ವ್ಯಕ್ತಿಯ ವೃತ್ತಿನಿಷ್ಠೆಯ ಮೇಲೆ ಹೊರಿಸಿದ ಆರೋಪ. ಕಾದಂಬರಿಯ ಮಾತು, ಗುರುರಾಜನ ಅನಿಸಿಕೆ ಎಂಬ ಯಾವ ಮುಸುಕೂ ಅದನ್ನು ಮುಚ್ಚುವುದಿಲ್ಲ. ಆದ್ದರಿಂದ ಕಥೆಯಲ್ಲಿ ಅಂಪೈರಿಗೆ ಹೆಸರಿಲ್ಲ, ಬೆರಳು ಮತ್ತು ಟೋಪಿ ಇದೆ ಅಷ್ಟೆ. ಹೆಂಡತಿ ಮಕ್ಕಳು, ಮನೆ, ಮದುವೆ, ಆರೋಗ್ಯ ಇವೂ ಹೊರಗೆ. ಅವುಗಳ ಬಗ್ಗೆ ಚರ್ಚೆಯೇ ಬೇಡ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ; 2024ರ ಜುಲೈ 1ಕ್ಕೆ ಮುಂಚೆ ಅದು ಐಪಿಸಿ 499, 500 ಆಗಿತ್ತು. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಪತ್ರಕರ್ತನಾದರೆ 'ಬರೆದದ್ದು ನಿಜ, ಸಾರ್ವಜನಿಕ ಹಿತಕ್ಕೆ ಬರೆದೆ' ಎಂದು ವಾದಿಸಬಹುದು. ಕಥೆಗಾರನಿಗೆ ಆ ಬಾಗಿಲು ಮುಚ್ಚಿದೆ, ಏಕೆಂದರೆ ಕಟ್ಟಿದ್ದು ತಾನೇ ಎಂದು ಮೊದಲ ಪುಟದಲ್ಲೇ ಒಪ್ಪಿಕೊಂಡಿರುತ್ತಾನೆ. 'ಇದು ಕಾಲ್ಪನಿಕ' ಎಂಬ ಸಾಲು ಓದುಗನಿಗೆ ಮಾಹಿತಿ, ಬರೆದವನಿಗೆ ಗುರಾಣಿ ಅಲ್ಲ. ಸತ್ತವರ ಬಗ್ಗೆಯಾದರೆ ಏನೂ ಆಗದು ಎನ್ನುವುದೂ ತಪ್ಪು. ಹತ್ತಿರದ ಬಂಧುಗಳಿಗೆ ನೋವುಂಟುಮಾಡುವ ಉದ್ದೇಶದ ಆರೋಪ ಅದೇ ಕಲಮಿನ ವಿವರಣೆಯೊಳಗೆ ಬರುತ್ತದೆ. ಖಾಸಗಿತನದ ಮಟ್ಟಿಗೆ ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪು ಉಪಯೋಗಕ್ಕೆ ಬರುವ ಅಳತೆಗೋಲು: ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಬಹುದು, ಅದರಾಚೆ ಒಬ್ಬರ ಬದುಕಿಗೆ ಕೈ ಹಾಕಿದರೆ ಹೊಣೆ ಬರೆದವನದು. ಮೂರು ಕಾಲಮ್ಮಿನ ಪಟ್ಟಿ ಹೆಚ್ಚುಕಡಿಮೆ ಇದರದೇ ಮನೆಮದ್ದು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಬಂದ ಮೊಕದ್ದಮೆಯ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು ಎಂಬುದು ಕನ್ನಡದಲ್ಲಿ ಬರೆಯುವವರಿಗೆ ನೆನಪಿದ್ದರೆ ಒಳ್ಳೆಯದು.

ಪ್ರಕಟಣೆಯ ವಿಚಾರ ಅರ್ಧ ಮುಗಿದಿದೆ. ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಎಂಬ ಜಾಲತಾಣ ಈಗಿನ ಕಾಲದ ನಿಜ ವ್ಯಕ್ತಿಗಳ ಕಥೆಯನ್ನು ಸೇರಿಸುವುದಿಲ್ಲ. 2009ರಿಂದ ಇರುವ ಆರ್ಕೈವ್ ಆಫ್ ಅವರ್ ಓನ್ ಎಂಬ ತಾಣ ಸೇರಿಸುತ್ತದೆ, ಅಲ್ಲಿ ಕ್ರಿಕೆಟ್ ಆರ್‌ಪಿಎಫ್ ಎಂಬ ಟ್ಯಾಗೂ ಇದೆ. ಟ್ಯಾಗಿನಲ್ಲಿ ಇಬ್ಬರ ಹೆಸರುಗಳ ನಡುವಿನ ಗುರುತಿನಲ್ಲಿ ಎಡವಬಾರದು: ಓರೆಗೆರೆ (/) ಹಾಕಿದರೆ ಪ್ರಣಯ, ಆ್ಯಂಪರ್‌ಸ್ಯಾಂಡ್ (&) ಹಾಕಿದರೆ ಸ್ನೇಹ. ಇದು ಸ್ನೇಹದ ಕಥೆ. ಪ್ರಣಯ ಬರೆಯುವವರು ಬಹಳ, ಅದಕ್ಕೆ ಅವರದೇ ವಾದಗಳಿವೆ. ಬದುಕಿರುವವರ ಮಲಗುವ ಕೋಣೆಗೆ ಕಥೆ ಹೋಗಬಾರದು ಎಂಬುದು ಇಲ್ಲಿನ ನಿಲುವು, ವ್ಯಕ್ತಿ ಅಪ್ರಾಪ್ತರಾಗಿದ್ದರಂತೂ ಆ ಪ್ರಶ್ನೆಯೇ ಏಳಬಾರದು. ಕಥೆಯನ್ನು ಖಾತೆ ಇರುವ ಸದಸ್ಯರಿಗಷ್ಟೇ ತೋರಿಸುವ ಆಯ್ಕೆ ಅಲ್ಲಿದೆ, ಅದನ್ನು ಒತ್ತುವುದು. ಆಗ ಗೂಗಲ್‌ನಲ್ಲಿ ಆಟಗಾರರ ಹೆಸರು ಹುಡುಕಿದವರಿಗೆ ಇದು ಎದುರಾಗುವುದಿಲ್ಲ. ಅದೇ ಕಾರಣಕ್ಕೆ ಶೀರ್ಷಿಕೆಯಲ್ಲಿ ಹೆಸರಿಲ್ಲ. ಎಕ್ಸ್, ಇನ್‌ಸ್ಟಾದಲ್ಲಿ ಆಟಗಾರರನ್ನು ಟ್ಯಾಗ್ ಮಾಡುವುದಂತೂ ಕೂಡದು. ಅಭಿಮಾನಿಯ ಆಟ ಅಭಿಮಾನಿಗಳ ಜಗಲಿಯಲ್ಲೇ ಇರಲಿ, ಅವರ ಮನೆ ಬಾಗಿಲು ತಟ್ಟುವುದು ಬೇಡ. ಮುಖಪುಟಕ್ಕೆ ಫೋಟೋ ಇಲ್ಲ, ಫೋಟೋ ತೆಗೆದವರ ಹಕ್ಕು ಬೇರೆಯೇ ಇರುತ್ತದೆ. ಗುರುರಾಜನ ನೋಟ್‌ಬುಕ್ಕಿನ ಒಂದು ಸಾಲನ್ನು ಪೆನ್ಸಿಲಿನಲ್ಲಿ ಬರೆದು ಸ್ಕ್ಯಾನ್ ಮಾಡಿದರೆ ಸಾಕು.

ಉಳಿದ ಕೆಲಸ ಮೂರು. ವಾಸಿಂ ಮತ್ತು ವಕಾರ್ ಕ್ರೀಸಿನಲ್ಲಿ ಬರೀ ಗೊಂಬೆಗಳಂತೆ ನಿಂತಿದ್ದಾರೆ. ಅವರೂ ಆ ಓವರನ್ನು ಆಡಿದವರು. ಅವರ ನಡಿಗೆ, ಬ್ಯಾಟು ಹಿಡಿಯುವ ರೀತಿಗೆ ಒಂದು ನೂರೈವತ್ತು ಪದ ಸೇರಬೇಕು. ಗುರುರಾಜನ ಪಕ್ಕದ ಹಿಂದಿ ಮಾತಾಡುವ ಮುದುಕ ಎಲ್ಲ ಕನ್ನಡಿಗರ ಕಥೆಯಲ್ಲೂ ಬರುವ ಮುದುಕನ ಹಾಗಿದ್ದಾನೆ, ಅವನನ್ನು ಬದಲಾಯಿಸಬೇಕು ಇಲ್ಲವೇ ಎಬ್ಬಿಸಿ ಕಳಿಸಬೇಕು. ಮೂರನೆಯದು ಕೊನೆಯ ಪುಟ. ವರ್ಷಗಳ ನಂತರ ಗುರುರಾಜ ಬೆಂಗಳೂರಿಗೆ ಬಂದು ಎಂ.ಜಿ. ರಸ್ತೆಯ ಅನಿಲ್ ಕುಂಬ್ಳೆ ವೃತ್ತದಲ್ಲಿ ಸಿಗ್ನಲ್ಲಿಗೆ ನಿಲ್ಲುತ್ತಾನೆ ಎಂದಿದೆ. ವೃತ್ತಕ್ಕೆ ಹತ್ತು ವಿಕೆಟ್ ಕಿತ್ತವರ ಹೆಸರಿದೆ, ಹತ್ತನೆಯದನ್ನು ಕೀಳದೆ ಬಿಟ್ಟವರ ಹೆಸರಿಲ್ಲ ಎಂದು ಅವನು ಗೊಣಗುತ್ತಾನೆ. ಗೊಣಗು ಬರೆಯುವವನದೋ ಗುರುರಾಜನದೋ ಎಂಬುದು ಇನ್ನೂ ಸ್ಪಷ್ಟವಿಲ್ಲ. ಅಲ್ಲಿಯವರೆಗೆ ಆ ಪುಟಕ್ಕೆ ಕೆಂಪು ಗೀಟು ಹಾಗೇ ಇದೆ.